ಪಟ್ಟಿಯಲ್ಲಿ ಬರೆಸದ ಹೆಸರು

ಗಾಂಧಿ ಬಜಾರಿನ ನನ್ನ ಜವಳಿ ಅಂಗಡಿ ಮುಳುಗಿದ ಮೇಲೆ ಶಿವಮೊಗ್ಗದ ಕೋರ್ಟಿಗೆ ದಿವಾಳಿ ಅರ್ಜಿ ಹಾಕಿದೆ. ಐವತ್ತರ ದಶಕದ ಕೊನೆಯ ಮಾತು. ಅರ್ಜಿ ಮಂಜೂರಾದರೆ ಇದ್ದಬದ್ದದ್ದನ್ನು ಮಾರಿ ಸಾಲ ಕೊಟ್ಟವರಿಗೆ ಹಂಚುತ್ತಾರೆ, ಮಿಕ್ಕ ಸಾಲದಿಂದ ನನಗೆ ಬಿಡುಗಡೆ. ನನ್ನ ವಕೀಲ, ಹಳೆಯ ಸಹಪಾಠಿ, ಹಾಗೆಂದು ಧೈರ್ಯ ಹೇಳಿದ್ದ.

ಸಾಲ ಕೊಟ್ಟವರು ಬಾಗಿಲು ಬಡಿಯುವುದು ಅಂದಿನಿಂದ ನಿಂತಿತು. ನೆಮ್ಮದಿಯಾಗಬೇಕಿತ್ತು. ಆದರೆ ಸಾಲ ಕೇಳುವವರ ಜೊತೆಗೆ ಉಳಿದವರೂ ಬರುವುದನ್ನು ಬಿಟ್ಟರು. ಬಜಾರಿನಲ್ಲಿ ಎದುರಾದವರು ಯಾವುದೋ ಅಂಗಡಿಯ ಬೋರ್ಡು ಓದುತ್ತ ದಾಟಿಹೋಗುತ್ತಿದ್ದರು. ಹೆಂಡತಿ ತೀರಿಕೊಂಡು ಮೂರು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಬೆಳಿಗ್ಗೆ ಒಂದು ಪಾವು ಅಕ್ಕಿ ಬೇಯಿಸಿ ಎರಡು ಹೊತ್ತು ಉಣ್ಣುತ್ತಿದ್ದೆ. ಕೆಲವು ದಿನ ಸಂಜೆಯವರೆಗೂ ಒಂದು ಮಾತು ಆಡಿರುತ್ತಿರಲಿಲ್ಲ. ನನಗೆ ಆ ಮನೆಯಲ್ಲಿ ಹೆದರಿಕೆಯಾಗುತ್ತಿತ್ತು, ಹೇಳಿಕೊಳ್ಳಲು ಈಗ ನಾಚಿಕೆಯಿಲ್ಲ.

ನನಗಂತ ಇದ್ದವಳು ಭದ್ರಾವತಿಯ ತಂಗಿ ಒಬ್ಬಳೇ. ಅವಳ ಗಂಡನಿಗೆ, ಅಂದರೆ ನನ್ನ ಭಾವನಿಗೆ, ಕಾರ್ಖಾನೆಯಲ್ಲಿ ಕೆಲಸ, ಅಲ್ಲೇ ಕ್ವಾರ್ಟರ್ಸಿನಲ್ಲಿ ಮನೆ. ರೈಲು ಹತ್ತಿದರೆ ಗಂಟೆಯೊಳಗೆ ತಲುಪಬಹುದು. ಆದರೂ ಕೇಸು ನಡೆದ ಒಂದೂವರೆ ವರ್ಷ ಅತ್ತ ತಲೆ ಹಾಕಲಿಲ್ಲ. ಅವಳ ಕಾಗದಗಳಿಗೆ ಉತ್ತರ ಬರೆಯಲಿಲ್ಲ. ಗೌರಿ ಹಬ್ಬದ ಬಾಗಿನವನ್ನೂ ಬೇರೆಯವರ ಕೈಲಿ ಕಳಿಸಿದೆ.

ಕಾರಣ ಇಷ್ಟೆ. ಅಂಗಡಿ ಮುಳುಗುವ ಮುಂಚೆ ಅವಳು ಒಬ್ಬಳೇ ಬಂದು, ಕರವಸ್ತ್ರದಲ್ಲಿ ಕಟ್ಟಿದ ನಾಲ್ಕು ಬಂಗಾರದ ಬಳೆಗಳನ್ನು ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟಿದ್ದಳು.

"ಇಟ್ಕೊ ಅಣ್ಣ, ಆದಾಗ ಕೊಡು. ಇವರಿಗೆ ಮಾತ್ರ ಗೊತ್ತಾಗೋದು ಬೇಡ."

ತಂಗಿಯ ಕೈಗೆ ಬಳೆ ತೊಡಿಸಬೇಕಾದ ಅಣ್ಣ ನಾನು, ಬಿಚ್ಚಿಸಿಕೊಂಡೆ. ಅವೂ ಅಂಗಡಿಯ ಜೊತೆಗೇ ಹೋದವು.

ಅರ್ಜಿಯೊಂದಿಗೆ ಸಾಲ ಕೊಟ್ಟವರೆಲ್ಲರ ಪಟ್ಟಿ ಕೊಡಬೇಕು, ಪ್ರತಿಯೊಬ್ಬರಿಗೂ ಕೋರ್ಟಿನ ನೋಟಿಸು ಹೋಗುತ್ತದೆ. ಕ್ವಾರ್ಟರ್ಸಿಗೆ ನೋಟಿಸು ಹೋದರೆ ಒಡೆದು ಓದುವವರು ಭಾವ. ಅದಕ್ಕೇ ಅವಳ ಹೆಸರು ಬರೆಸಲಿಲ್ಲ. ವಕೀಲನಿಗೂ ಹೇಳಲಿಲ್ಲ. ಮಹಾ ಬುದ್ಧಿವಂತ ನಾನು!

ವಿಚಾರಣೆಯ ದಿನ ಎದುರು ವಕೀಲರು ಕೇಳಿದರು: "ಈ ಪಟ್ಟಿ ಬಿಟ್ಟು ಬೇರೆ ಯಾರಿಗಾದ್ರೂ ಕೊಡೋದಿದೆಯೇನ್ರೀ?"

ಕಾಗದದಲ್ಲಿ ಮುಚ್ಚಿಟ್ಟಿದ್ದೆ ನಿಜ, ಆದರೆ ದೇವರ ಮೇಲೆ ಪ್ರಮಾಣ ಮಾಡಿ ಸುಳ್ಳು ಹೇಳಲು ಬಾಯಿ ಬರಲಿಲ್ಲ. ಇದೆ ಅಂದೆ. ಯಾರಿಗೆ ಅಂದರು. ಹೇಳಲ್ಲ ಅಂದೆ. ನ್ಯಾಯಾಧೀಶರೂ ಎರಡು ಸಲ ಕೇಳಿದರು. ಬಾಯಿ ಬಿಡಲಿಲ್ಲ. ಒಬ್ಬರ ಹೆಸರು ಮುಚ್ಚಿಟ್ಟವನು ಆಸ್ತಿಯನ್ನೂ ಮುಚ್ಚಿಟ್ಟಿರಬಹುದು ಎಂದು ಅರ್ಜಿ ವಜಾ ಮಾಡಿದರು.

ಹೊರಗೆ ಬಂದು ನನ್ನ ವಕೀಲ ಹಣೆ ಚಚ್ಚಿಕೊಂಡ. "ಎಂಥ ಮನುಷ್ಯ ಮಾರಾಯ ನೀನು! ವಜಾ ಅಂದ್ರೆ ಅರ್ಜಿನೇ ಹಾಕಿರಲಿಲ್ಲ ಅಂದ ಹಾಗೆ. ಒಂದು ಸಾಲಾನೂ ಹೋಗಿಲ್ಲ. ಬಡ್ಡಿ ಬೇರೆ ಬೆಳೆದಿರುತ್ತೆ. ನಾಳೆಯಿಂದ ಒಬ್ಬೊಬ್ಬರೂ ದಾವಾ ಹಾಕ್ಬಹುದು."

ನಾಳೆಯವರೆಗೆ ಯಾರು ಕಾಯುತ್ತಾರೆ? ಸಂಜೆಗೇ ಇಬ್ಬರು ಬಂದು ಜಗಲಿಯಲ್ಲಿ ಕೂತು ಬಾಯಿಗೆ ಬಂದಂತೆ ಬೈದರು. ಕಾಫಿ ಮಾಡಿ ಕೊಟ್ಟೆ. ಅವರು ಎದ್ದಾಗ, ಇನ್ನಷ್ಟು ಹೊತ್ತು ಕೂತಿರಿ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟು ಬರಗೆಟ್ಟಿದ್ದೆ.

ಹೆಸರು ಮುಚ್ಚಿಟ್ಟ ಸುದ್ದಿ ಹೇಗಿದ್ದರೂ ಭದ್ರಾವತಿಗೆ ಮುಟ್ಟುತ್ತದೆ, ಅದು ಯಾರ ಹೆಸರೆಂದು ಭಾವ ಊಹಿಸುತ್ತಾರೆ. ಅದಕ್ಕಿಂತ ಮೊದಲು ನಾನೇ ಹೇಳಿಬಿಡೋಣ, ಬೈಸಿಕೊಂಡರೂ ತಂಗಿಯ ಸಂಸಾರ ಉಳಿದರೆ ಸಾಕು ಎಂದು ಭಾನುವಾರ ರೈಲು ಹತ್ತಿದೆ. ಭಾವ ಮನೆಯಲ್ಲೇ ಇದ್ದರು. ಕೂತುಕೊಳ್ಳದೆ, ನಿಂತೇ ಎಲ್ಲವನ್ನೂ ಒಪ್ಪಿಸಿದೆ. ತಪ್ಪು ನನ್ನದು, ಅವಳನ್ನು ಏನೂ ಅನ್ನಬೇಡಿ ಎಂದು ಕೈ ಮುಗಿದೆ.

ಅವರು ನನ್ನ ಮುಖವನ್ನೇ ನೋಡಿದರು. "ಬಳೆ ಕೊಟ್ಟು ಬಾ ಅಂತ ಅವಳನ್ನ ಕಳಿಸಿದ್ದೇ ನಾನು. ನಂಗೆ ಗೊತ್ತು ಅಂದ್ರೆ ನೀವು ಮುಟ್ಟಲ್ಲ ಅಂತ, ನಂಗೆ ಗೊತ್ತಾಗೋದು ಬೇಡ ಅನ್ನು ಅಂತ ನಾನೇ ಅವಳಿಗೆ ಹೇಳಿಕೊಟ್ಟಿದ್ದೆ."

ಅಡುಗೆಮನೆಯ ಬಾಗಿಲಲ್ಲಿ ತಂಗಿ ನಿಂತಿದ್ದಳು. "ಒಂದೂವರೆ ವರ್ಷ ಅಣ್ಣ. ನಾವೇನೋ ತಪ್ಪು ಮಾಡಿದೀವಿ, ಅದಕ್ಕೇ ನೀನು ಬರ್ತಿಲ್ಲ ಅಂದ್ಕೊಂಡಿದ್ವಿ."

ಕೈಕಾಲು ತೊಳೆದು ಊಟಕ್ಕೆ ಬಾ ಅಂದಳು. ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು, ಅವರಿಗೆ ಕೇಳಿಸದ ಹಾಗೆ ನೀರು ಸುರಿದುಕೊಳ್ಳುತ್ತ, ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ.