ಜಪಮಾಲೆಯ ಅರ್ಧ ಗಂಟೆ

ಕಡಬದಿಂದ ನೆಲ್ಯಾಡಿಗೆ ಹೋಗುವ ದಾರಿಯಲ್ಲೊಂದು ಹಾಲಿನ ಸೊಸೈಟಿ. ಅಲ್ಲಿ ಹಾಲು ಪರೀಕ್ಷಿಸಿ ಅಳೆಯುವವಳು ಸಿಲ್ವಿ. ಕ್ಯಾನಿಗೆ ಒಂದು ಲೋಟ ನೀರು ಬಿದ್ದಿದ್ದರೂ ಅವಳ ಕಣ್ಣು ತಪ್ಪಿಸಲು ಆಗದು. ಹಾಲು ತರುವ ದುಗ್ಗಪ್ಪನಂಥ ಹಿರಿಯರನ್ನೂ, “ಎಂತ ಮಾರಾಯ್ರೆ, ದನ ಬಾವಿಗೆ ಬಿದ್ದಿತ್ತಾ?” ಎಂದು ಮುಖಕ್ಕೇ ಕೇಳಿಬಿಡುತ್ತಾಳೆ. ಇಂಥವಳಿಗೆ ಮನೆಯವರೇ ಹನ್ನೊಂದು ತಿಂಗಳು ಮಂಕುಬೂದಿ ಎರಚಿದರು ಎಂದರೆ ಊರಿನವರು ನಂಬಲಿಕ್ಕಿಲ್ಲ.

ಮಗಳು ಜೆಸ್ಮಿಗೆ ಒಂಬತ್ತು ವರ್ಷ. ಕೂತಲ್ಲಿ ಕೂರುವ ಮಗುವಲ್ಲ. ಊಟದ ನಡುವೆ ಎದ್ದು ಕೋಳಿಯ ಹಿಂದೆ ಓಡುತ್ತಾಳೆ, ಅರ್ಧ ಬರೆದ ಮಗ್ಗಿಯನ್ನು ಬಿಟ್ಟು ಒಣಹಾಕಿದ ರಬ್ಬರು ಶೀಟುಗಳ ಹಿಂದೆ ಅಡಗುತ್ತಾಳೆ. ಮೊಬೈಲ್ ಕೊಟ್ಟರೆ ಮಾತ್ರ ಅಲುಗಾಡುವುದಿಲ್ಲ, ತೆಗೆದುಕೊಂಡರೆ ಮನೆಯ ಹೆಂಚು ಹಾರುವಷ್ಟು ಕಿರುಚುತ್ತಾಳೆ. ಪುತ್ತೂರಿನ ಡಾಕ್ಟರು, ಇದು ಹಟವಲ್ಲ, ಗಮನ ನಿಲ್ಲದ ತೊಂದರೆ ಎಂದು ಬಿಡಿಸಿ ಹೇಳಿದ್ದರು. ಮೊಬೈಲ್ ದಿನಕ್ಕೆ ಅರ್ಧ ಗಂಟೆ, ಅದೂ ಗೊತ್ತುಮಾಡಿದ ಹೊತ್ತಿಗೆ, ದೊಡ್ಡವರ ಎದುರು. ಉಳಿದಂತೆ ಮಗು ಯಾವ ಕೆಲಸಕ್ಕೆ ಎಷ್ಟು ನಿಮಿಷ ಕೂತಿತೆಂದು ಪುಸ್ತಕದಲ್ಲಿ ಬರೆದು ತರಬೇಕು.

ಸಿಲ್ವಿ ಬರೆದಳು. ಓದು ಆರು ನಿಮಿಷ. ಊಟ ನಾಲ್ಕು. ಸಂಜೆಯ ಜಪಮಾಲೆ ಮೂವತ್ತು!

ಜಪಮಾಲೆ ಹೇಳಿಸುವುದು ಅತ್ತೆ ಅನ್ನಕುಟ್ಟಿ. ಮಣಿ ಎಣಿಸುತ್ತ ಅವರು ಪ್ರಾರ್ಥನೆಯ ಅರ್ಧ ಹೇಳಿದರೆ, ಉಳಿದರ್ಧವನ್ನು ಮನೆಯವರು ಉತ್ತರವಾಗಿ ಹೇಳಬೇಕು. ಸಂಜೆಯ ಹಾಲು ಮುಗಿಸಿ ಸಿಲ್ವಿ ಅಂಗಳಕ್ಕೆ ಬರುವಾಗ ಪ್ರಾರ್ಥನೆ ಕೊನೆಗೆ ಬಂದಿರುತ್ತಿತ್ತು. ಮಗು ಮೊದಲಿನಿಂದಲೂ ಎದ್ದಿಲ್ಲವೆಂದು ಅತ್ತೆ ಹೇಳುತ್ತಿದ್ದರು. ಬಾಗಿಲಿನಿಂದ ಮಗಳ ಬೆನ್ನು ಕಾಣುತ್ತಿತ್ತು. ಮೊಣಕಾಲೂರಿ, ತಲೆಗೆ ಶಾಲು ಹೊದ್ದು, ಪ್ರಾರ್ಥನೆಯ ಪುಸ್ತಕದ ಮೇಲೆ ಬಗ್ಗಿದ ಮಗು. ಸಿಲ್ವಿಗೆ ಎದೆ ತುಂಬಿ ಬರುತ್ತಿತ್ತು.

ಆ ಮೂವತ್ತನ್ನು ನಂಬಿಯೇ ಅವಳು ಕೆಟ್ಟಳು. ಶಾಲೆಯ ಸುಪ್ರಿತಾ ಟೀಚರು, “ಜೆಸ್ಮಿಯನ್ನು ಬೇರೆ ಕೂರಿಸಿ ಸ್ವಲ್ಪ ಸ್ವಲ್ಪವೇ ಕಲಿಸುವ, ನೀವು ಒಪ್ಪಿ ಒಂದು ಕಾಗದ ಕೊಡಿ” ಎಂದಾಗ, “ಮನೆಯಲ್ಲಿ ಅರ್ಧ ಗಂಟೆ ಕೂರುವವಳು ನಿಮ್ಮ ಕ್ಲಾಸಿನಲ್ಲಿ ಕೂರುದಿಲ್ಲ ಅಂದ್ರೆ ತಪ್ಪು ಯಾರದ್ದು?” ಎಂದು ಜಗಳ ಮಾಡಿ ಬಂದಳು. ಅದೇ ದಿನ ಮನೆಯಲ್ಲಿ ಮಗಳು ಮಗ್ಗಿ ಬಿಟ್ಟು ಎದ್ದಾಗ ಸ್ಕೇಲಿನಿಂದ ಬಾರಿಸಿದಳು. “ದೇವರ ಎದುರು ಕೂರ್ಲಿಕ್ಕೆ ಆಗ್ತದೆ, ಪುಸ್ತಕದ ಎದುರು ಆಗುದಿಲ್ಲ ಅಲ್ವಾ? ಎಲ್ಲ ಕಳ್ಳಾಟ!” ಗಂಡ ರೋಬಿನ್ ಅಲ್ಲೇ ಇದ್ದ. ಮಗಳ ಕಡೆಗೇ ನೋಡುತ್ತಿದ್ದ.

ಮೊನ್ನೆ ಗುರುವಾರ ಹಾಲಿನ ಗಾಡಿ ಬೇಗ ಬಂದು ಹೋಯಿತು. ಸಿಲ್ವಿ ಅಡುಗೆಮನೆಯ ಬಾಗಿಲಿನಿಂದ ಒಳಗೆ ಬಂದು, ಶಬ್ದ ಮಾಡದೆ ಮಗಳ ಹಿಂದೆಯೇ ಮೊಣಕಾಲೂರಿದಳು. ಪ್ರಾರ್ಥನೆಯ ಪುಸ್ತಕದ ಒಳಗೆ ಮೊಬೈಲ್ ಇತ್ತು. ನೀರಿಗೆ ಬಿದ್ದು ಹಾಳಾಯಿತೆಂದು ರೋಬಿನ್ ಹೇಳಿದ್ದ ಹಳೆಯ ಮೊಬೈಲ್. ಶಬ್ದವಿಲ್ಲದೆ ಬಣ್ಣದ ಗುಳ್ಳೆಗಳು ಒಡೆಯುತ್ತಿದ್ದವು. ಪಕ್ಕದಲ್ಲಿದ್ದ ರೋಬಿನ್ ಹೆಂಡತಿಯನ್ನು ಕಂಡ, ಮೊಬೈಲನ್ನೂ ಕಂಡ. ಆದರೂ ತನ್ನ ತಾಯಿ ಹೇಳುತ್ತಿದ್ದ ಪ್ರಾರ್ಥನೆಗೆ ಅವನ ಉತ್ತರ ತಪ್ಪಲಿಲ್ಲ.

ಜಪಮಾಲೆಯ ನಡುವೆ ಮಾತಾಡುವ ಕ್ರಮ ಆ ಮನೆಯಲ್ಲಿಲ್ಲ. ಸಿಲ್ವಿ ಹಲ್ಲು ಕಚ್ಚಿ ಕೊನೆಯವರೆಗೆ ಕಾದಳು.

“ಅವಳು ಎದ್ದೆದ್ದು ಓಡಿದ್ರೆ ಪ್ರಾರ್ಥನೆ ಆಗುದು ಹೇಗೆ?” ಎಂದರು ಅನ್ನಕುಟ್ಟಿ. “ದೇವರ ಎದುರು ಕೂತಳಲ್ಲ, ಸಾಕು.”

“ನಿಮಗೂ ಗೊತ್ತಿತ್ತಲ್ಲ?” ಸಿಲ್ವಿ ಗಂಡನನ್ನು ಕೇಳಿದಳು.

“ನೀನು ನಿಮಿಷ ಬರೆದು ಖುಷಿಪಡ್ತಿದ್ದಿ. ಹಾಳು ಮಾಡುದು ಬೇಡ ಅಂತ ಸುಮ್ಮನಾದೆ.”

ಸುಮ್ಮನಾದನಂತೆ! ದಿನಾ ಆ ಮೊಬೈಲನ್ನು ಚಾರ್ಜಿಗೆ ಇಟ್ಟವನು ಯಾರು? ಸಿಲ್ವಿಗೆ ಅತ್ತೆಯ ಮೇಲೆ ಸಿಟ್ಟು ಬಂತು, ಗಂಡನ ಮೇಲೆ ಹೇಸಿಗೆ ಬಂತು. ಅಷ್ಟರಲ್ಲಿ ಜೆಸ್ಮಿ ಅವಳ ಸೀರೆ ಹಿಡಿದಳು.

“ಅಮ್ಮ, ನೀನು ಸ್ಕೇಲಿನಲ್ಲಿ ಹೊಡೆದ ದಿನ ನಾನು ಹೇಳ್ಲಿಕ್ಕೆ ಹೊರಟಿದ್ದೆ. ಹೇಳ್ಬೇಡ ಅಂತ ಪಪ್ಪ ಕಣ್ಸನ್ನೆ ಮಾಡಿದ್ರು.”

ಮಗು ಪೆಟ್ಟು ತಿನ್ನುವಾಗಲೂ ಅವನು ಕಾಪಾಡಿದ್ದು ಮೊಬೈಲಿನ ಗುಟ್ಟನ್ನು.

ಮರುದಿನ ಸೊಸೈಟಿಗೆ ರಜೆ ಹೇಳಿ ಸಂಜೆ ಮನೆಯಲ್ಲೇ ಉಳಿದಳು. ಮೊಬೈಲ್ ಅವಳ ಕಪಾಟಿನಲ್ಲಿತ್ತು. ಜಪಮಾಲೆ ಶುರುವಾಯಿತು. ಜೆಸ್ಮಿ ಶಾಲು ಎಳೆದಳು, ಮಣಿ ತಿರುಗಿಸಿದಳು, ಎದ್ದು ಅಂಗಳಕ್ಕೆ ಓಡಿದಳು. ಅನ್ನಕುಟ್ಟಿ ಸ್ವರ ಏರಿಸಿದರು. ಸಿಲ್ವಿ ಎದ್ದು ಡಾಕ್ಟರಿಗೆ ತೋರಿಸುವ ಪುಸ್ತಕ ತೆರೆದು ಬರೆದಳು: ಮೂರು ನಿಮಿಷ. ಅದರ ಕೆಳಗೆ, ರೋಬಿನ್‌ಗೆ ಕಾಣುವ ಹಾಗೆ: ಜಪಮಾಲೆಯದ್ದು ಹಿಂದೆ ಬರೆದದ್ದೆಲ್ಲ ಸುಳ್ಳು. ಅದನ್ನು ನಂಬಿ ಮಗುವಿಗೆ ಹೊಡೆದದ್ದು ನಾನು.

ಪೆನ್ನು ಇಟ್ಟು, ಮಗಳನ್ನು ಹುಡುಕಿಕೊಂಡು ಅಂಗಳಕ್ಕೆ ಇಳಿದಳು. ಪ್ರಾರ್ಥನೆಗೆ ಉತ್ತರ ಹೇಳಲು ಒಳಗೆ ರೋಬಿನ್ ಒಬ್ಬನೇ ಉಳಿದ.