ಸೊಲ್ಲಿಗೆ ಜಾಗ

ನಮ್ಮ ಎದುರು ಮನೆಯ ಕುಸುಮಳಿಗೆ ನಲವತ್ತೊಂದು ವರ್ಷ. ಮಧ್ಯಾಹ್ನದವರೆಗೆ ಕುವೆಂಪುನಗರದ ಒಂದು ಕ್ಲಿನಿಕ್‌ನಲ್ಲಿ ರಕ್ತ ಪರೀಕ್ಷೆ ಮಾಡುತ್ತಾಳೆ. ಆಮೇಲೆ ಸ್ಕೂಟರಿನಲ್ಲಿ ಸಿದ್ಧಾರ್ಥನಗರಕ್ಕೆ ಹಾರಿ ಬಂದು, ಊಟ ಮಾಡಿದಳೋ ಇಲ್ಲವೋ, ಗಿಟಾರ್ ಹಿಡಿಯುತ್ತಾಳೆ. ಪದ ಕಟ್ಟುವವಳೂ ಅವಳೇ, ಹಾಡುವವಳೂ ಅವಳೇ. ಹಳ್ಳಿಯ ಮಟ್ಟು, ತನ್ನದೇ ಮಾತು.

ಮೊದಲ ಆಲ್ಬಂ ಬಂದಾಗ ಎಷ್ಟೋ ಜನ ಮೆಚ್ಚಿದರು. ಅವಳ ತಾಯಿ ಸಿದ್ದಲಿಂಗಮ್ಮ ಮಾತ್ರ ಎರಡನೇ ಹಾಡಿಗೇ ಎದ್ದು ಅಡುಗೆಮನೆಗೆ ಹೋದರು. ಇಲವಾಲದ ಸುತ್ತಮುತ್ತ ಮೂವತ್ತು ವರ್ಷ ಮದುವೆಮನೆಗಳಲ್ಲಿ ಸೋಬಾನೆ ಹೇಳಿದ ಹೆಂಗಸು ಅವರು. ಸೋಬಾನೆಯಲ್ಲಿ ಒಬ್ಬರು ಒಂದು ಸಾಲು ಹೇಳಿದರೆ ಉಳಿದವರು ಅದರ ಹಿಂದೆಯೇ, ಆ ಸಾಲಿನ ಕೊನೆ ಹಿಡಿದು, ಸೊಲ್ಲು ಹೇಳಬೇಕು. ಒಂಟಿಯಾಗಿ ಯಾರೂ ಹಾಡುವುದಿಲ್ಲ.

“ಒಬ್ಳೇ ಹೇಳ್ಕೊಂಡ್ರೆ ಅದು ಪದ ಅಲ್ಲ ಕಣೆ, ಗೊಣಗಾಟ” ಎಂದುಬಿಟ್ಟಿದ್ದರು.

ಆ ಮಾತು ಕುಸುಮಳಿಗೆ ಚುಚ್ಚುತ್ತಲೇ ಇತ್ತು. “ಅವ್ವ ಒಂದು ಹಾಡನ್ನ ಕೊನೆತನಕ ಕೇಳಿದ್ರೆ ಸಾಕು ಕಣಕ್ಕ, ಬೇರೇನೂ ಬೇಡ” ಎಂದು ನನ್ನೆದುರು ಎಷ್ಟು ಸಲ ಕಣ್ಣೀರು ಹಾಕಿದ್ದಾಳೋ ಲೆಕ್ಕವಿಲ್ಲ. ನನಗೆ ಸಿದ್ದಲಿಂಗಮ್ಮನ ಮೇಲೆ ಸಿಟ್ಟೂ ಬರುತ್ತಿತ್ತು.

ಎರಡನೇ ಆಲ್ಬಮ್ಮಿನಲ್ಲಿ ಮೊದಲಿನದರ ಹಾಗೆ ವಾದ್ಯಗಳ ಗದ್ದಲವಿಲ್ಲ, ಬರೀ ಗಿಟಾರು, ಅವಳ ದನಿ. ಅದರಲ್ಲೊಂದು ಹಾಡು ಅವ್ವನ ಮೇಲೆಯೇ. ಭಾನುವಾರ ಬಿಡುಗಡೆ. ಶನಿವಾರ ಸಂಜೆ ಸ್ಟುಡಿಯೋದ ನಿಶಾಂತ್ ಎಲ್ಲ ಸರಿಮಾಡಿ ಕಳಿಸಿದ. ಆಗಿನಿಂದ ಅವಳ ಕಾಲು ಒಂದು ಕಡೆ ನಿಲ್ಲಲಿಲ್ಲ. ಮೂರು ಸಲ ನಮ್ಮ ಮನೆಗೆ ಬಂದಳು. ಒಮ್ಮೆ ಸ್ಕೂಟರ್ ಹತ್ತಿ ಬೀದಿಯ ತುದಿಯವರೆಗೆ ಹೋಗಿ ವಾಪಸ್ ಬಂದಳು.

“ಏನೋ ಸರಿಯಿಲ್ಲ ಕಣಕ್ಕ. ಯಾರೋ ಅಟ್ಟಿಸ್ಕೊಂಡು ಬಂದಂಗೆ ಹಾಡು ಓಡ್ತಿದೆ.”

ನನ್ನ ಕಿವಿಗೆ ಚೆನ್ನಾಗಿಯೇ ಇತ್ತು. “ನಿನಗೆ ತಲೆ ಕೆಟ್ಟಿದೆ, ಹೋಗಿ ಅವ್ವನಿಗೇ ಕೇಳಿಸು” ಎಂದು ನಾನೇ ಎಳೆದುಕೊಂಡು ಹೋದೆ.

ಸಿದ್ದಲಿಂಗಮ್ಮ ನೆಲದ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದರು. ಕುಸುಮ ಅವ್ವನ ಮೇಲಿನ ಹಾಡು ಹಾಕಿ ಫೋನ್ ಮುಂದಿಟ್ಟಳು. ಮೊದಲ ಸಾಲು ಮುಗಿದಾಗ ಮುದುಕಿಯ ತುಟಿ ಅಲುಗಿತು. ಅಷ್ಟರಲ್ಲಿ ಎರಡನೆಯದು ಬಂತು. ಮತ್ತೆ ತುಟಿ ತೆರೆದರು, ಮೂರನೆಯದು ನುಗ್ಗಿತು.

“ಬಾಯ್ ತೆಗ್ಯಕ್ಕೂ ಬುಡಾಕಿಲ್ವಲ್ಲ ನಿನ್ ಪದ” ಎಂದು ಸೊಪ್ಪಿನ ಕಡೆ ತಿರುಗಿದರು.

ಕುಸುಮ ಅಲ್ಲೇ ನಿಶಾಂತ್‌ಗೆ ಫೋನ್ ಮಾಡಿ ಏನು ಬದಲಾಯಿಸಿದೆ ಎಂದು ಕೇಳಿದಳು.

“ಮೇಡಂ, ಪ್ರತಿ ಸಾಲಾದ್ಮೇಲೂ ಸುಮ್ನೆ ಖಾಲಿ ಬಿಟ್ಟಿದ್ರಿ. ಕೇಳೋರಿಗೆ ಬೋರಾಗುತ್ತೆ ಅಂತ ಅದನ್ನೆಲ್ಲ ಕತ್ತರಿಸ್ದೆ. ಯಾಕೆ, ಬೇಡ್ವಾ?”

ಕುಸುಮ ಫೋನ್ ಇಟ್ಟಳು. ತಾನು ಖಾಲಿ ಬಿಡುತ್ತಿದ್ದೇನೆಂದು ಅವಳಿಗೇ ಗೊತ್ತಿರಲಿಲ್ಲ. ಸಣ್ಣವಳಿದ್ದಾಗ ಅವ್ವನ ಪಕ್ಕ ಕೂತು ಕಲಿತದ್ದು, ನಾಲಿಗೆ ಮರೆತಿರಲಿಲ್ಲ. ಫೋನಿನಲ್ಲೇ ಇದ್ದ ಕತ್ತರಿಸದ ಹಾಡನ್ನು ಹುಡುಕಿ ಹಾಕಿದಳು.

ಮೊದಲ ಸಾಲಾಯಿತು. ಬರೀ ತಂತಿಯ ಮಿಡಿತ. ಸೊಪ್ಪಿನ ಮೇಲಿನ ಕೈ ನಿಂತಿತು. ಎರಡನೇ ಸಾಲಾದ ಮೇಲೆ ಸಿದ್ದಲಿಂಗಮ್ಮ ಒಡೆದ ದನಿಯಲ್ಲಿ ಸೊಲ್ಲು ಹೇಳಿದರು, ಆ ಸಾಲಿನ ಬಾಲವನ್ನೇ ಹಿಡಿದು. ಕೊನೆಯವರೆಗೂ ಒಂದೂ ತಪ್ಪಿಸಲಿಲ್ಲ.

ಹಾಡು ಮುಗಿಯಿತು. ಮುದುಕಿ ಮಗಳನ್ನೇ ನೋಡುತ್ತ ಕೂತರು.

“ಯಾಕ್ ನಿಲ್ಲಿಸ್ದೆ? ಮುಂದಕ್ ಹೇಳು.”

“ಮುಗೀತವ್ವ. ಅಷ್ಟೇ ಕಟ್ಟಿರೋದು.”

“ಸೊಲ್ಲು ಹೇಳೋಳು ಕುಂತಿರುವಾಗ ಅದೆಂಗೆ ಮುಗೀತದೆ? ಕಟ್ಟು.”

ಫೋನ್ ಹೊಡೆದುಕೊಂಡಿತು. ನಿಶಾಂತ್, ನಾಳೆಗೆ ಯಾವುದು ಎಂದು ಕೇಳಲು. “ಖಾಲಿ ಬಿಟ್ಟಿರೋದನ್ನೇ ಹಾಕಪ್ಪ” ಎಂದು ನಾನೇ ಹೇಳಿ ಇಟ್ಟೆ.

ಕುಸುಮ ಮೂಗು ಒರೆಸಿಕೊಂಡು, ತಡವರಿಸಿ, ಗಿಟಾರಿಲ್ಲದೆ ಎತ್ತಿಕೊಂಡಳು:

“ಸೊಪ್ಪು ಬಿಡಿಸೋ ಕೈಯ ಯಾರವ್ವ ಕಂಡೋರು…”

ಅಂಥ ದೊಡ್ಡ ಸಾಲೇನಲ್ಲ. ಸಿದ್ದಲಿಂಗಮ್ಮ ಅದು ಮುಗಿಯುವುದಕ್ಕೂ ಕಾಯದೆ ಸೊಲ್ಲು ಹೇಳಿದರು.