ಹಡಗು ಹತ್ತದ ಕವಿಯ ತಾಯಿ

ಎಂಬತ್ತರ ದಶಕದ ಕೊನೆಯ ಒಂದು ಚಳಿಗಾಲದಲ್ಲಿ, ಮಸ್ಕತ್ತಿನಲ್ಲಿ, ನಾನು ಸ್ಕಾಟ್ಲೆಂಡಿನ ರೈತ ಹೆಂಗಸಾದೆ. ಸೀರೆ ಬಿಟ್ಟು ದಪ್ಪ ಲಂಗ ತೊಟ್ಟು, ತಲೆಗೆ ಬಿಳಿ ಬಟ್ಟೆಯ ಟೊಪ್ಪಿ ಕಟ್ಟಿ ರಂಗಕ್ಕೆ ಬಂದೆ. ನನ್ನನ್ನು ಅಲ್ಲಿಗೆ ಎಳೆದುಕೊಂಡು ಹೋದವರು ಮಾಸ್ಟ್ರು.

ಮಾಸ್ಟ್ರು ಮಂಗಳೂರಿನ ಕೊಂಕಣಿ ಕ್ರೈಸ್ತರು, ಐವತ್ತು ದಾಟಿದವರು. ದೊಡ್ಡ ಹೋಟೆಲೊಂದರ ಲಾಬಿಯಲ್ಲಿ ಸಂಜೆ ಪಿಯಾನೊ ನುಡಿಸುವುದು ಅವರ ಕೆಲಸ. ಆದರೆ ಅವರ ಕೈಗೆ ಒಗ್ಗದ ಸಂಗೀತವೇ ಇರಲಿಲ್ಲ. ಇಗರ್ಜಿಗೆ ಕೊಂಕಣಿ ಗೀತೆ ಕಟ್ಟುತ್ತಿದ್ದರು, ತುಳು ನಾಟಕಕ್ಕೆ ತಮಾಷೆಯ ಹಾಡು ಹೊಸೆಯುತ್ತಿದ್ದರು, ಬ್ಯಾರಿ ವ್ಯಾಪಾರಿಗಳ ಮನೆ ಮದುವೆಗೂ ಧಾಟಿ ಹಾಕಿಕೊಡುತ್ತಿದ್ದರು. ದಾರ್ಸೈಟಿನ ನಮ್ಮ ಫ್ಲ್ಯಾಟಿನಲ್ಲಿ ಶುಕ್ರವಾರ ಭಜನೆಯಾದರೆ ಹಾರ್ಮೋನಿಯಂಗೂ ಅವರೇ. ನನ್ನ ದನಿ ಕೇಳಿದ್ದು ಅಲ್ಲಿಯೇ. ನನ್ನದು ದಪ್ಪ, ತಗ್ಗಿನ ದನಿ. ಶಾಲೆಯಲ್ಲಿ ಯಾವಾಗಲೂ ನನ್ನನ್ನು ಹಿಂದಿನ ಸಾಲಿನಲ್ಲಿ ನಿಲ್ಲಿಸುತ್ತಿದ್ದರು.

ಅಲ್ ಗುಬ್ರಾದಲ್ಲಿ ಸಮುದ್ರದ ನೀರನ್ನು ಸಿಹಿನೀರು ಮಾಡುವ ಸ್ಥಾವರದಲ್ಲಿ ಕೆಂಪು ಗಡ್ಡದ ಸ್ಕಾಟಿಷ್ ಎಂಜಿನಿಯರ್ ಒಬ್ಬರಿದ್ದರು. ತಮ್ಮ ನಾಡಿನ ಕವಿಯೊಬ್ಬನ ಬಗ್ಗೆ ಅವರು ಹಾಡುಗಳ ನಾಟಕ ಬರೆದಿದ್ದರು. ಹೋಟೆಲಿನಲ್ಲಿ ಮಾಸ್ಟ್ರ ಪಿಯಾನೊ ಕೇಳಿದವರೇ ಸಂಗೀತ ಮಾಡಿಕೊಡಿ ಎಂದು ಅದನ್ನು ಅವರ ಕೈಗಿತ್ತರು.

ಮಾಸ್ಟ್ರು ನೇರ ನಮ್ಮ ಮನೆಗೆ ಬಂದರು.

"ನೋಡಿ ಮಾರಾಯ್ರೆ, ಕವಿಯ ಅಮ್ಮನ ಪಾರ್ಟ್ ಉಂಟು. ಅವರ ತಂಡದ ಮೇಡಮ್‌ಗಳ ಸ್ವರ ಎಲ್ಲ ಮಾಡಿನ ಮೇಲೆ ಹೋಗಿ ಕೂತುಕೊಳ್ತದೆ. ನನಗೆ ನೆಲದಲ್ಲಿ ನಿಲ್ಲುವ ಸ್ವರ ಬೇಕು."

"ಇಂಗ್ಲಿಷ್ ನಾಟಕಕ್ಕೆ ನಾನಾ ಮಾಸ್ಟ್ರೇ?"

"ಎಂತ ಆಗ್ತದೆ? ಅವರ ಇಂಗ್ಲಿಷ್ ಇಂಗ್ಲಿಷಿನವರಿಗೇ ಅರ್ಥ ಆಗುದಿಲ್ಲ."

ನನ್ನ ಗಂಡ ನಕ್ಕು, ಕಾರಿನ ಕೀಲಿ ಕೈಗೆತ್ತಿಕೊಂಡರು. ಅಂದಿನಿಂದ ತಾಲೀಮಿಗೆ ಕರೆದೊಯ್ಯುವ ಹೊಣೆ ಅವರದಾಯಿತು.

ಕವಿಯ ಕಥೆ ಹೀಗೆ. ಅವನು ಹೊಲ ಉಳುವವನ ಮಗ. ಬದುಕು ನಡೆಯದೆ, ಕಡಲಾಚೆಯ ದ್ವೀಪವೊಂದಕ್ಕೆ ತೋಟದ ಕೆಲಸಕ್ಕೆ ಹೊರಡುತ್ತಾನೆ. ಹಡಗಿನಲ್ಲಿ ಜಾಗ ಗೊತ್ತಾಗಿರುತ್ತದೆ. ತಾಯಿ ಅವನ ಅಂಗಿಗಳನ್ನು ಮಡಚುತ್ತಾ ಹಾಡುತ್ತಾಳೆ. ಅಷ್ಟರಲ್ಲಿ ಅವನ ಕವಿತೆಗಳನ್ನು ಜನ ಮೆಚ್ಚಿದ ಸುದ್ದಿ ಬರುತ್ತದೆ, ಹಡಗು ಅವನನ್ನು ಬಿಟ್ಟು ಹೋಗುತ್ತದೆ.

ಹಾಡಿನ ಮಾತುಗಳನ್ನು ನಾನು ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಕಲಿತೆ. ನನ್ನ ನಾಲಗೆಯಲ್ಲಿ 'ರ' ಉರುಳುವುದು ಕೇಳಿ ಕೆಂಪು ಗಡ್ಡದವರಿಗೆ ಬಲು ಖುಷಿ. ತೊಡಕಾದದ್ದು ಅದರ ನಂತರದ ಹಾಡಿನಲ್ಲಿ. ಊರಲ್ಲೇ ಉಳಿದ ಕವಿ ಸಂಭ್ರಮದಿಂದ ಹಾಡಬೇಕು, ಮಾಸ್ಟ್ರ ರಾಗ ಮಾತ್ರ ಮಂಕಾಗಿತ್ತು.

"ಅವನು ಮನೆಯಲ್ಲೇ ಉಳಿದನಲ್ಲ, ಕುಣಿಯಬೇಡವೇ?" ಎಂದರು ಕೆಂಪು ಗಡ್ಡದವರು.

ಮಾಸ್ಟ್ರು ಪಿಯಾನೊದಿಂದ ಕೈ ತೆಗೆದರು. "ಉಳಿದವನ ಖುಷಿ ಹೇಗಿರ್ತದೆ ಅಂತ ನನಗೆ ಗೊತ್ತಿಲ್ಲ ಸರ್. ಹೊರಟವನ ಹಾಡು ಬೇಕಾದರೆ ಎಷ್ಟು ಬೇಕಾದರೂ ಕೊಡ್ತೇನೆ."

ಅವರ ಹೆಂಡತಿ ಮಂಗಳೂರಿನಲ್ಲಿದ್ದರು. ಹೋಟೆಲು ಕೊಟ್ಟಿದ್ದು ಒಬ್ಬನೇ ಇರುವ ಕೋಣೆ; ಊರು ಕಾಣುವುದು ಎರಡು ವರ್ಷಕ್ಕೊಮ್ಮೆ. ಕೆಂಪು ಗಡ್ಡದವರು ಗಡ್ಡ ನೀವಿಕೊಂಡು, "ನನಗೂ ಗೊತ್ತಿಲ್ಲ. ಹೀಗೇ ಇರಲಿ," ಎಂದರು.

ನಾಟಕ ಹತ್ತಿರವಾಗುವಾಗ ಹೋಟೆಲಿನವರು ಮನಿಲಾದಿಂದ ಮೂವರ ವಾದ್ಯತಂಡ ಕರೆಸಿ, ಮಾಸ್ಟ್ರನ್ನು ಕೆಲಸದಿಂದ ತೆಗೆದರು.

"ಖಲಾಸ್," ಎಂದರು ಮಾಸ್ಟ್ರು, ತಾಲೀಮಿಗೆ ಬಂದು. "ಕೆಲಸ ಇಲ್ಲದಿದ್ರೆ ವೀಸಾ ಇಲ್ಲ, ಊರಿನ ಟಿಕೆಟು ನಾಟಕಕ್ಕಿಂತ ಮೊದಲೇ ಉಂಟು."

ಕೆಂಪು ಗಡ್ಡದವರು ಮ್ಯಾನೇಜರರನ್ನು ಕಂಡು ಬಂದರು, ಪ್ರಯೋಜನವಾಗಲಿಲ್ಲ. ಅಷ್ಟು ವರ್ಷ ಊರಿಗಾಗಿ ಹಂಬಲಿಸಿದ ಮಾಸ್ಟ್ರು ಈಗ ಊರಿಗೆ ಹೊರಟಿದ್ದರು. ಅವರ ಮುಖ ನೋಡಿದರೆ ಖುಷಿಯೋ ದುಃಖವೋ ಹೇಳಲಾಗುತ್ತಿರಲಿಲ್ಲ. ಕೊನೆಯ ತಾಲೀಮಿನ ದಿನ ಪಿಯಾನೊವನ್ನು ಬದಲಿಗೆ ಬಂದ ಟೀಚರಿಗೆ ಬಿಟ್ಟು, ಹಿಂದಿನ ಕುರ್ಚಿಯಲ್ಲಿ ಕೂತು ನನ್ನ ಹಾಡು ಕೇಳಿದರು.

ಸೀಬ್ ವಿಮಾನ ನಿಲ್ದಾಣಕ್ಕೆ ನಾವೇ ಬಿಟ್ಟೆವು. ಒಳಗೆ ಹೋಗುವ ಮುಂಚೆ ಅವರು ಹೇಳಿದ್ದು ಇಷ್ಟೇ: "ಹಾಡುವಾಗ ಅವಸರ ಮಾಡ್ಬೇಡಿ. ಒಂದು ಅಂಗಿ ಮಡಚಲಿಕ್ಕೆ ಎಷ್ಟು ಹೊತ್ತು ಬೇಕೋ ಅಷ್ಟು ತೆಗೊಳ್ಳಿ."

ನಾಟಕದ ದಿನ ನಾನು ಹಾಗೆಯೇ ಹಾಡಿದೆ. ಕೈಯಲ್ಲಿದ್ದ ಅಂಗಿ ಕವಿಯದ್ದೆಂದು ಅನಿಸಲೇ ಇಲ್ಲ. ಚಪ್ಪಾಳೆ ಬಿದ್ದಾಗ ಕಣ್ಣು ತಾನಾಗಿ ಪಿಯಾನೊ ಕಡೆ ತಿರುಗಿತು. ಅಲ್ಲಿ ಟೀಚರು ಹಾಳೆ ಮಗುಚುತ್ತಿದ್ದರು. ಕೊನೆಗೆ ಕೆಂಪು ಗಡ್ಡದವರು ಮುಂದೆ ಬಂದು, "ಈ ರಾಗಗಳನ್ನು ಕಟ್ಟಿದವರು ಈಗ ತಮ್ಮ ಮನೆಯಲ್ಲಿದ್ದಾರೆ," ಎಂದರು. ಎಲ್ಲರೂ ಎದ್ದುನಿಂತು ಇನ್ನೊಮ್ಮೆ ಚಪ್ಪಾಳೆ ತಟ್ಟಿದರು. ನನಗೆ ಆಗ ಅಳು ಬಂತು.

ತೊಂಬತ್ತರ ದಶಕದಲ್ಲಿ, ಒಮ್ಮೆ ರಜೆಗೆ ಬಂದಾಗ ಮಂಗಳೂರಿನಲ್ಲಿ ಅವರ ಮನೆಗೆ ಹೋದೆ. ಮಕ್ಕಳಿಗೆ ಕೀಬೋರ್ಡ್ ಕಲಿಸುತ್ತಿದ್ದರು, ತುಳು ನಾಟಕಗಳಿಗೆ ಸಂಗೀತ ಕೊಡುತ್ತಿದ್ದರು. ನಾಟಕದ ದಿನದ ವಿಷಯವನ್ನೆಲ್ಲ ಕೆದಕಿ ಕೆದಕಿ ಕೇಳಿ, ತಾಯಿಯ ಹಾಡನ್ನು ನನ್ನಿಂದ ಹಾಡಿಸಿದರು. ಕಾಫಿ ತಂದ ಅವರ ಹೆಂಡತಿ ಬಾಗಿಲಲ್ಲೇ ನಿಂತು ಕೇಳಿದರು.

"ಅಲ್ಲಿದ್ದಾಗ ಫೋನ್ ಮಾಡಿದ್ರೆ ಇಲ್ಲಿ ಮಳೆ ಬಂತಾ, ಮೀನು ಎಂತ ಸಿಕ್ಕಿತು, ಇದೇ ಕೇಳುದು," ಎಂದರು ಆಕೆ. "ಈಗ ದಿನಾ ಅಲ್ಲಿಯ ಮತ್ರಾದ ಸಮುದ್ರದ್ದೇ ಸುದ್ದಿ."

ಮಾಸ್ಟ್ರು ನಕ್ಕರು, ಅಲ್ಲಗಳೆಯಲಿಲ್ಲ. ಬಳಿಕ, "ನನ್ನ ಪಿಯಾನೊ ಲಾಬಿಯಲ್ಲಿ ಉಂಟಾ?" ಎಂದು ಕೇಳಿದರು.

ಅವರು ಮಸ್ಕತ್ತು ಬಿಟ್ಟ ಮೇಲೆ ನಾವು ಆ ಹೋಟೆಲಿನತ್ತ ಕಾಲಿಟ್ಟಿರಲಿಲ್ಲ. ಮಸ್ಕತ್ತಿಗೆ ಮರಳಿದ ಮೇಲೆ ಒಂದು ಸಂಜೆ ನಾನೂ ಗಂಡನೂ ಅಲ್ಲಿಗೆ ಚಹಾ ಕುಡಿಯಲು ಹೋದೆವು. ಪಿಯಾನೊ ಇತ್ತು. ಯಾರೋ ಯುವತಿ ನುಡಿಸುತ್ತಿದ್ದಳು, ಚೆನ್ನಾಗಿಯೇ ನುಡಿಸುತ್ತಿದ್ದಳು. ಮನೆಗೆ ಬಂದು ಮಂಗಳೂರಿಗೆ ಫೋನು ಮಾಡಿ, "ಉಂಟು ಮಾಸ್ಟ್ರೇ," ಎಂದೆ.

ಮಾಸ್ಟ್ರು ಮೆಲ್ಲಗೆ ಕೇಳಿದರು: "ಎಂತ ನುಡಿಸ್ತಿದ್ರು?"